ಗೀರಿಲ್ಲದ ತೊಗಲು

ಹಾವೇರಿ ಕಡೆಯ ತೊಗಲಿನ ಮಂಡಿಗೆ ಇಟಲಿಯ ವ್ಯಾಪಾರಿಯೊಬ್ಬ ಬಂದ. ಸತ್ತ ಎತ್ತುಗಳ ಹಸಿ ತೊಗಲನ್ನು ಹಡಗಿಗೆ ಹೇರಿಸಿಕೊಂಡು ಹೋಗುವವನು. ಒಂದೊಂದನ್ನೂ ಬಿಡಿಸಿ ನೋಡಿ ಮೂಗು ಮುರಿದ.

"ಹೆಗಲಾಗ ನೊಗದ ಗಾಯ, ಬೆನ್ನಾಗ ಬಾರುಕೋಲಿನ ಗೀರು. ಬ್ಯಾಡ ಅಂತಾನ್ರಿ" ಎಂದ ದುಭಾಷಿ.

ಮಂಡಿಯ ಸಾಹುಕಾರ ಕೊಟ್ರಬಸಪ್ಪನ ಸಿಟ್ಟೆಲ್ಲ ತೊಗಲಿಗೆ ಉಪ್ಪು ತಿಕ್ಕುವ ದುರುಗವ್ವನ ಮೇಲೆ ತಿರುಗಿತು.

"ಗೀರಿಲ್ಲದ ತೊಗಲು ಒಂದರ ತೋರಸು. ಇಲ್ಲಾಂದ್ರ ನಾಳಿಂದ ಈ ಕಡೆ ತಲಿ ಹಾಕಬ್ಯಾಡ!"

ದುರುಗವ್ವ ಸೆರಗು ಬಿಗಿದಳು. "ದುಡಿದ ಮೈಯಾಗ ಗೀರು ಇರದ ಇರ್ತಾವೇನ್ರಿ? ದುಡಿಯದ್ದು ಒಂದು ಐತಿ. ನೊಗ ಕಂಡಿಲ್ಲ, ಕೋಲು ಕಂಡಿಲ್ಲ, ತುಪ್ಪ ತಿಂದು ಮಿರಿಮಿರಿ ಮಿಂಚತೈತಿ."

ಸಾಹುಕಾರನ ಮುಖ ಅರಳಿತು. "ಮತ್ಯಾಕ ತಡ? ಉಪ್ಪು ಹಚ್ಚು!"

ದುರುಗವ್ವ ಬೊಗಸೆ ತುಂಬ ಉಪ್ಪು ಎತ್ತಿಕೊಂಡು ನೇರ ಅವನ ಮುಂದೆಯೇ ಬಂದು ನಿಂತಳು.

"ಅಂಗಿ ಬಿಚ್ಚರಿ, ಸಾಹುಕಾರ್ರ. ಸುಲಿಯೋದೊಂದ ಬಾಕಿ ಐತಿ."

ದುಭಾಷಿ ನಗು ತಡೆಯಲಾರದೆ ವ್ಯಾಪಾರಿಯ ಕಿವಿಯಲ್ಲಿ ಊದಿದ. ವ್ಯಾಪಾರಿ ಸಾಹುಕಾರನ ನುಣ್ಣನೆಯ ಕತ್ತನ್ನು ಕಣ್ಣು ತುಂಬ ನೋಡಿ ಏನೋ ಕೇಳಿದ.

"ಏನಂತ?" ಸಾಹುಕಾರ ಅಂಗಿಯ ಗುಂಡಿ ಬಿಗಿಹಿಡಿದುಕೊಂಡು ಹಿಂದೆ ಸರಿದ.

"ಇಂಥಾವು ಇನ್ನೂ ಸಿಗ್ತಾವೇನು ಅಂತ ಕೇಳ್ತಾನ್ರಿ."

"ಊರಿಗೊಂದು ಸಿಗ್ತಾವ" ಎಂದಳು ದುರುಗವ್ವ. "ಆದ್ರ ಅದರಾಗ ಬೂಟು ಹೊಲಿಸಿದ್ರ ಅವು ಒಂದು ಹೆಜ್ಜಿನೂ ನಡಿಯಂಗಿಲ್ಲ ಅಂತ ಹೇಳು."