ತುಂಬಿದ ಜೀಪಿನ ಅಳತೆ

ಕಾರೆಗುಡ್ಡಕ್ಕೆ ಬಸ್ಸು ಹೋಗುವುದಿಲ್ಲ. ಬುಡದ ಪೇಟೆಯಿಂದ ಮೇಲಿನ ಊರಿಗೆ ಕಲ್ಲುಮಣ್ಣಿನ ಒಂದೇ ದಾರಿ. ಅಲ್ಲಿ ಓಡುವುದು ಕೆಲವೇ ಜೀಪುಗಳು. ಆ ಜೀಪಿನವರಲ್ಲಿ ಹಿಂದಿನಿಂದ ಬಂದ ಒಂದು ಕಟ್ಟಳೆ ಇತ್ತು. ಜೀಪು ಯಾರದೇ ಇರಲಿ, ಚಕ್ರದ ಅಳತೆ ಮಾತ್ರ ಒಂದೇ ಇರಬೇಕು. ನಡುದಾರಿಯಲ್ಲಿ ಒಬ್ಬರ ಟೈರ್ ಹೋದರೆ, ಎದುರು ಬಂದವರು ತಮ್ಮ ಸ್ಟೆಪ್ನಿ ಬಿಚ್ಚಿ ಕೊಡಬೇಕು. ಇಲ್ಲ ಎನ್ನುವ ಹಾಗಿಲ್ಲ.

ರಾಚಪ್ಪನಿಗೆ ಆ ಅಳತೆ ಸಾಕೆನಿಸಲಿಲ್ಲ. ಅವನ ಜೀಪಿನ ಹೊಟ್ಟೆ ದಾರಿಯ ಕಲ್ಲುಗಳಿಗೆ ಆಗಾಗ ತಾಗುತ್ತಿತ್ತು. ಟೈರ್ ದೊಡ್ಡದಾದರೆ ಜೀಪು ಮೇಲೇಳುತ್ತದೆ ಎಂದು ಲೆಕ್ಕ ಹಾಕಿದ. ಆ ಲೆಕ್ಕವೇನೂ ತಪ್ಪಲ್ಲ. ಪೇಟೆಯಲ್ಲಿ ಅಗಲವಾದ ರಿಮ್, ಎತ್ತರದ ಟೈರ್ ಹಾಕಿಸಿದ. ಅಂಗಡಿಯ ಮುಂದೆಯೇ ಸ್ಟೀರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡಿದ. ಎಲ್ಲಿಯೂ ಉಜ್ಜಲಿಲ್ಲ. ಐದನೆಯ ಟೈರ್ ಮಾತ್ರ ಜೀಪಿನ ಹಿಂಬದಿಯಲ್ಲಿ ಕೂರಲಿಲ್ಲ. ಅಲ್ಲಿ ಹಳೆಯ ಸ್ಟೆಪ್ನಿಯೇ ಉಳಿಯಿತು.

ಆ ದಾರಿಯಲ್ಲಿ ಎಲ್ಲರಿಗಿಂತ ಹೆಚ್ಚು ಕಾಲ ಜೀಪು ಓಡಿಸಿದವಳು ದೇವೀರಮ್ಮ. ಅವಳು ತಿರುವಿನಲ್ಲಿ ಗೇರ್ ಬದಲಿಸಿದರೆ ಒಳಗೆ ಕೂತವರ ಕೈಯಲ್ಲಿನ ಟೀ ತುಳುಕುತ್ತಿರಲಿಲ್ಲ. ರಾಚಪ್ಪನ ಜೀಪನ್ನು ಅವಳು ಒಂದು ಸುತ್ತು ಬಂದು ನೋಡಿದಳು.

"ಏನ್ಲಾ ರಾಚಪ್ಪ, ಟ್ರ್ಯಾಕ್ಟರ್ ಚಕ್ರ ಹಾಕುಸ್ಕಂಡು ಬಂದಿದ್ದೀಯ. ನೇಗ್ಲು ಎಲ್ಲಿ?"

"ನಗು ಅಕ್ಕ ನಗು. ಮಳೆಗಾಲ ಬರ್ಲಿ, ನಿನ್ ಜೀಪ್ ಎಳ್ಯೋಕೆ ನಾನೇ ಬರ್ಬೇಕು."

"ಕರೀತೀನಿ ಬುಡು. ಪೂರ್ತಿ ತಿರುಗುಸಿ ನೋಡ್ದಾ?"

"ನೋಡ್ದೆ. ಎಲ್ಲೂ ತಾಗಲ್ಲ."

"ಖಾಲಿ ಜೀಪಲ್ಲಿ ನೋಡಿರ್ತೀಯ. ಜನ ತುಂಬ್ಕಂಡು, ಒಂದು ಚಕ್ರ ಕಲ್ಲಿಗೆ ಹತ್ಸಿ, ಆಮೇಲೆ ತಿರುಗುಸಿ ನೋಡು."

ರಾಚಪ್ಪ ನಕ್ಕುಬಿಟ್ಟ. ನೋಡಲಿಲ್ಲ.

ಹತ್ತನೇ ತರಗತಿಯ ಗಣಿತ ಪರೀಕ್ಷೆಯ ದಿನ ಬಂತು. ಪರೀಕ್ಷೆ ನಡೆಯುವುದು ಪೇಟೆಯ ಶಾಲೆಯಲ್ಲಿ. ಬೆಳಿಗ್ಗೆ ಮೇಲೂರಿನ ಹುಡುಗಿಯರು ರಾಚಪ್ಪನ ಜೀಪು ಹತ್ತಿದರು. ಜೊತೆಗೆ ಸಂತೆಗೆ ಹೋಗುವ ಹುಣಸೆಹಣ್ಣಿನ ಮೂಟೆಗಳೂ ಏರಿದವು. ಜೀಪು ಒಂದು ಕಲ್ಲಿಗೂ ಹೊಟ್ಟೆ ತಾಗಿಸದೆ ಇಳಿಯಿತು. ರಾಚಪ್ಪ ಒಳಗೊಳಗೇ ಬೀಗಿದ.

ನಡುದಾರಿಯ ಕಡಿದಾದ ತಿರುವಿನಲ್ಲಿ ಅವನು ಸ್ಟೀರಿಂಗನ್ನು ಪೂರ್ತಿ ತಿರುಗಿಸಿದ. ಅದೇ ಹೊತ್ತಿಗೆ ಮುಂದಿನ ಒಂದು ಚಕ್ರ ಕಲ್ಲು ಹತ್ತಿತು. ತುಂಬಿದ ಭಾರಕ್ಕೆ ಸ್ಪ್ರಿಂಗ್ ಕುಗ್ಗಿತು. ಟೈರು ಮಡ್‌ಗಾರ್ಡಿನ ಅಂಚಿಗೆ ಸಿಕ್ಕಿತು. ಬಟ್ಟೆ ಹರಿದಂಥ ಸದ್ದು. ಇಳಿದು ನೋಡಿದರೆ ಟೈರಿನ ಪಕ್ಕೆ ಉದ್ದಕ್ಕೆ ಸೀಳಿತ್ತು.

ಹಳೆಯ ಸ್ಟೆಪ್ನಿ ಹಾಕಿದ. ಜೀಪು ಒಂದು ಕಡೆಗೆ ವಾಲಿತು. ತುಸು ಮುಂದಕ್ಕೆ ಬಿಟ್ಟ. ಚಿಕ್ಕ ಚಕ್ರವಿದ್ದ ಕಡೆಗೆ ಸ್ಟೀರಿಂಗ್ ಎಳೆಯಿತು. ಆ ಕಡೆ ಕಣಿವೆ. ರಾಚಪ್ಪ ಬ್ರೇಕ್ ತುಳಿದು ನಿಲ್ಲಿಸಿದ.

"ಅಣ್ಣ, ಹೊತ್ತಾದ್ರೆ ಒಳಕ್ಕೆ ಬುಡಲ್ಲ," ಎಂದಳು ನಾಗವೇಣಿ. ಹಾಲ್ ಟಿಕೆಟನ್ನು ಎದೆಗೆ ಒತ್ತಿ ಹಿಡಿದಿದ್ದಳು.

"ನಡ್ಕಂಡೇ ಹೋಗನ?" ಎಂದಳು ಇನ್ನೊಬ್ಬಳು.

"ಓಡಿದ್ರೂ ಆಗಲ್ಲ ಕಣೆ," ಎಂದಳು ನಾಗವೇಣಿ.

ಕೆಳಗಿನಿಂದ ಇಂಜಿನ್ ಸದ್ದು ಕೇಳಿತು. ಅಕ್ಕಿ ಮೂಟೆ ಹೇರಿಕೊಂಡು ದೇವೀರಮ್ಮ ಬರುತ್ತಿದ್ದಳು. ಹುಡುಗಿಯರನ್ನು ಹತ್ತಿಸಿಕೊಂಡು ಹಿಂದಿರುಗೋಣವೆಂದರೆ, ಅಲ್ಲಿ ಒಂದು ಜೀಪು ಇನ್ನೊಂದನ್ನು ದಾಟಬಹುದಿತ್ತೇ ಹೊರತು ತಿರುಗಿಸಲು ಜಾಗವಿಲ್ಲ. ಅವಳು ಇಳಿದು ಬಂದಳು.

'ನಾನು ಹೇಳಿರಲಿಲ್ವಾ' ಎಂಬ ಮಾತಿಗೆ ರಾಚಪ್ಪ ತಲೆ ತಗ್ಗಿಸಿ ಕಾದ. ಆ ಮಾತು ಬರಲಿಲ್ಲ. ದೇವೀರಮ್ಮ ಸೀಳಿದ ಟೈರನ್ನು ನೋಡಿದಳು, ಚಿಕ್ಕ ಚಕ್ರವನ್ನು ನೋಡಿದಳು, ಹೋಗಿ ತನ್ನ ಸ್ಟೆಪ್ನಿ ಬಿಚ್ಚತೊಡಗಿದಳು.

"ಅದು ಈ ಟೈರ್ ಅಳತೆಗೆ ಆಗಲ್ಲ ಅಕ್ಕ."

"ಬೋಲ್ಟಿಗೆ ಆಯ್ತದಲ್ಲ, ಸಾಕು. ಮುಂದ್ಗಡೆ ಒಂದು ದೊಡ್ಡದು ಒಂದು ಚಿಕ್ಕದು ಇದ್ರೆ ತಾನೆ ಎಳ್ಯೋದು? ಎರಡ್ನೂ ಚಿಕ್ಕವೇ ಹಾಕು. ನಾಲ್ಕು ಚಕ್ರದ ಗೇರ್ ಹಾಕ್ಬೇಡ. ಹಿಂದಿನ ಎರಡರಲ್ಲೇ ಮೆಲ್ಲಗೆ ಇಳಿ. ಮೂಟೆ ಇಲ್ಲೇ ಇರ್ಲಿ."

ರಾಚಪ್ಪ ಅವಳ ಮುಖವನ್ನೇ ನೋಡಿದ. ಸೀಳಿಹೋದ ದೊಡ್ಡ ಚಕ್ರಕ್ಕೆ ಬದಲು ಇನ್ನೊಂದು ದೊಡ್ಡ ಚಕ್ರ ಎಲ್ಲಿಂದ ತರಲಿ ಎಂದೇ ಅವನು ಯೋಚಿಸುತ್ತಿದ್ದ. ಅವಳು ಮಾತ್ರ, ಇರುವ ಚಿಕ್ಕ ಚಕ್ರಕ್ಕೆ ಜೋಡಿ ಹುಡುಕಿದ್ದಳು.

"ಮೇಲೆ ಹೋಗ್ವಾಗ ನಿನ್ ಟೈರ್ ಹೋದ್ರೆ?" ಜಾಕ್ ಎತ್ತುತ್ತ ಕೇಳಿದ.

"ಮೇಲೂರಲ್ಲಿ ಬಾಷಾನ ಜೀಪ್ ಅದೆ. ಅವನ್ದೂ ನನ್ದೂ ಒಂದೇ ಅಳತೆ ಅಲ್ವ."

ಅವಳು ಚುಚ್ಚಿ ಹೇಳಲಿಲ್ಲ. ಆದರೂ ಆ ಮಾತು ರಾಚಪ್ಪನಿಗೆ ನಾಟಿತು. ತಾನು ಮುರಿದ ಕಟ್ಟಳೆಯೇ ಈಗ ತನ್ನ ಜೀಪನ್ನು ಎತ್ತಿ ಹಿಡಿದಿತ್ತು.

ಕೊನೆಯ ಬೋಲ್ಟ್ ಬಿಗಿಯಾದ ಮೇಲೆ ದೇವೀರಮ್ಮ ಕೈ ಒರೆಸಿಕೊಂಡಳು. "ನೇಗ್ಲಾದ್ರೂ ತಂದಿದ್ರೆ, ನಾನು ಬರೋಗಂಟ ಈ ದಾರೀನೇ ಉಳ್ಬೋದಿತ್ತು ನೋಡು." ಹುಡುಗಿಯರು ಗಾಬರಿ ಮರೆತು ನಕ್ಕರು.

ಜೀಪು ಮೂಗು ತಗ್ಗಿಸಿಕೊಂಡು, ಆದರೆ ನೇರವಾಗಿ, ಬೆಟ್ಟ ಇಳಿಯಿತು. ಹುಡುಗಿಯರು ಗೇಟಿನೊಳಗೆ ಓಡಿದ ಮೇಲೆಯೇ ಶಾಲೆಯ ಗಂಟೆ ಹೊಡೆಯಿತು. ರಾಚಪ್ಪ ಮುಂದಿನ ಚಕ್ರವನ್ನು ಒಮ್ಮೆ ಸವರಿದ.

ಮರುದಿನ ಅವನು ಎಲ್ಲ ಚಕ್ರಗಳನ್ನೂ ಹಳೆಯ ಅಳತೆಗೆ ತಂದ. ಸ್ಟೆಪ್ನಿಯನ್ನು ದೇವೀರಮ್ಮನ ಜೀಪಿಗೆ ತಾನೇ ಬಿಗಿದ. ಆಮೇಲೆ ಹಾರೆ ಹಿಡಿದು ಹೋಗಿ, ಹೊಟ್ಟೆಗೆ ತಾಗುತ್ತಿದ್ದ ಕಲ್ಲುಗಳನ್ನು ಮೀಟತೊಡಗಿದ. ಉಳಿದವರೂ ಬಂದು ಕೈ ಹಾಕಿದರು. ದಾರಿ ಎಲ್ಲರಿಗೂ ಸಲೀಸಾಯಿತು.

ಒಂದು ದೊಡ್ಡ ಟೈರು ಜೀಪ್ ಸ್ಟ್ಯಾಂಡಿನಲ್ಲಿ ಇನ್ನೂ ಮಲಗಿದೆ. ಈ ದಾರಿಗೆ ಯಾವ ಟೈರ್ ಹಾಕಿಸಲಿ ಎಂದು ಹೊಸಬರು ಕೇಳಿದರೆ, ರಾಚಪ್ಪ ಅವರನ್ನು ಅದರ ಮೇಲೆ ಕೂರಿಸಿ ಟೀ ತರಿಸುತ್ತಾನೆ. "ಕೂತಿರಿ, ನಮ್ಮಕ್ಕ ಬರ್ಲಿ," ಎನ್ನುತ್ತಾನೆ.

ನೀತಿ: ದೊಡ್ಡದೆಲ್ಲ ಒಳ್ಳೆಯದಲ್ಲ. ಏನನ್ನೇ ಆರಿಸುವಾಗ, ನಾವು ಹೊರುವ ಭಾರವನ್ನೂ ಹೋಗುವ ದಾರಿಯನ್ನೂ ಜೊತೆಗೆ ಬರುವವರನ್ನೂ ಸೇರಿಸಿ ಅಳೆಯಬೇಕು.