ಎರಡನೇ ಡಿಕಾಕ್ಷನ್

“ಬುದ್ಧಿ, ಬಾಯಿಬಿಟ್ಟು ಕೇಳದವರಿಗೆ ಕೊಡದೆ ಇದ್ದರೆ ಅದು ತಪ್ಪೇ?”

ಮಠದ ಗುರುಗಳನ್ನು ಹೀಗೆ ಕೇಳಿದವನು ಪಂಚಾಕ್ಷರಪ್ಪ, ಆ ಮಠಕ್ಕೆ ನಡೆದುಕೊಳ್ಳುವ ಗೃಹಸ್ಥ. ಗಂಡ ಸತ್ತ ಮೇಲೆ ಅವನ ಅಕ್ಕ ಅವನ ಮನೆಗೇ ಬಂದು, ಅಡುಗೆ ನೋಡಿಕೊಂಡು, ಅವನ ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದ್ದಳು. ಹೋದ ವಾರ ಒಂದು ಚೀಲ ಹಿಡಿದು ದೂರದ ನೆಂಟರ ಮನೆಗೆ ಹೊರಟುಹೋಗಿದ್ದಳು. ಜಗಳವೇನೂ ಆಗಿರಲಿಲ್ಲ. ಹೋಗಿ ಕರೆಯಬೇಕೋ, ತಾನಾಗಿ ಬರಲಿ ಎಂದು ಕಾಯಬೇಕೋ ಅವನಿಗೆ ತಿಳಿಯುತ್ತಿರಲಿಲ್ಲ.

“ಏನು ಕೇಳಿದ್ದರೂ ಕೊಡ್ತಿದ್ದೆ ಬುದ್ಧಿ. ಒಂದು ದಿನವೂ ಕೇಳಲಿಲ್ಲ,” ಎಂದ.

ಗುರುಗಳು ಕೂತುಕೋ ಎಂದರು. ಅವನು ಕೂತ ಮೇಲೆ ಈ ಕತೆ ಹೇಳಿದರು.

ಒಬ್ಬ ವರ್ತಕನಿದ್ದ. ಅವನಿಗೆ ಕಾಫಿ ಎಂದರೆ ಪ್ರಾಣ. ಬೆಳಗಾದರೆ ಅವನ ಹೆಂಡತಿ ಫಿಲ್ಟರಿಗೆ ಪುಡಿ ಹಾಕಿ ಕುದಿನೀರು ಸುರಿಯುತ್ತಿದ್ದಳು. ಮೊದಲು ಇಳಿದ ಗಟ್ಟಿ ಡಿಕಾಕ್ಷನ್ನಿನಲ್ಲಿ ಗಂಡನಿಗೆ, ಅತ್ತೆಗೆ, ಬಂದವರಿಗೆ ಕಾಫಿ. ಉಳಿದ ಚರಟದ ಮೇಲೆ ಇನ್ನೊಮ್ಮೆ ನೀರು ಸುರಿದರೆ ತೆಳ್ಳಗೆ ಎರಡನೆಯದು ಇಳಿಯುತ್ತದೆ. ಅದು ಅವಳಿಗೆ. ಹೀಗೆ ಮಾಡು ಎಂದು ಯಾರೂ ಹೇಳಿರಲಿಲ್ಲ. ಬೇಡ ಎಂದೂ ಯಾರೂ ಹೇಳಲಿಲ್ಲ. ವರ್ತಕ ದಿನಾ “ನಿನ್ನದು ಕಾಫಿ ಆಯ್ತಾ?” ಎಂದು ಕೇಳುತ್ತಿದ್ದ. ಅವಳು “ಆಯ್ತು” ಎನ್ನುತ್ತಿದ್ದಳು. ಅದು ಸುಳ್ಳೂ ಅಲ್ಲ.

ಒಮ್ಮೆ ವರ್ತಕ ಬೀಗರ ಮನೆಗೆ ಹೋದಾಗ ಅಲ್ಲಿ ಒಂದು ಕಾಫಿ ಯಂತ್ರ ಕಂಡ. ಮೇಲೆ ಕಾಫಿ ಬೀಜ ಸುರಿದು ಗುಂಡಿ ಒತ್ತಿದರೆ ಸಾಕು. ತಾನೇ ಬೀಜವನ್ನು ಪುಡಿ ಮಾಡುತ್ತದೆ, ತಾನೇ ಡಿಕಾಕ್ಷನ್ ಇಳಿಸುತ್ತದೆ, ತಾನೇ ಹಾಲು ಬಿಸಿ ಮಾಡಿ ಬೆರೆಸುತ್ತದೆ. ಅವನಿಗೆ ಹೆಂಡತಿಯ ನೆನಪಾಯಿತು. ಇಷ್ಟು ವರ್ಷ ಎಲ್ಲರಿಗಿಂತ ಮೊದಲು ಎದ್ದು ದುಡಿದಿದ್ದಾಳೆ, ಇನ್ನು ಮೇಲಾದರೂ ಆರಾಮವಾಗಿರಲಿ ಎಂದುಕೊಂಡ. ಅವನ ಮನಸ್ಸು ಕೆಟ್ಟದ್ದಲ್ಲ. ಕೆಟ್ಟ ಮನಸ್ಸಿನವರ ಕತೆಯಾಗಿದ್ದರೆ ನಿನಗೆ ಹೇಳುವ ಅಗತ್ಯವೇ ಇರಲಿಲ್ಲ.

ಊರಿನ ಅಂಗಡಿಗಳನ್ನೆಲ್ಲ ಸುತ್ತಿದ. ಒಂದು ಯಂತ್ರ ಬೀಜ ಅರೆಯತೊಡಗಿದರೆ ಮನೆಮಂದಿಯೆಲ್ಲ ಎದ್ದು ಕೂರಬೇಕು, ಅಷ್ಟು ಸದ್ದು. ಇನ್ನೊಂದರಲ್ಲಿ ಲೋಟದ ತುಂಬ ನೊರೆ, ಕಾಫಿಯನ್ನು ಹುಡುಕಬೇಕು. ಮತ್ತೊಂದರ ಹಾಲಿನ ಕೊಳವೆಯನ್ನು ದಿನಾ ಬಿಚ್ಚಿ ತೊಳೆಯಬೇಕು. ಬೀಜದ ಜೊತೆ ಚಿಕೋರಿ ಹಾಕೋಣವೆಂದರೆ ಯಾವುದರಲ್ಲೂ ಜಾಗವಿಲ್ಲ. ಅಂಗಡಿಯವರು ನಾಲಿಗೆ ಹೊರಳದ ಏನೇನೋ ಕಾಫಿಗಳ ಹೆಸರು ಹೇಳಿದರು. ವರ್ತಕನದು ಒಂದೇ ಹಟ: “ಅದೆಲ್ಲ ಬೇಡ. ನಮ್ಮನೆ ಕಾಫಿ ಥರ ಇರ್ಬೇಕು ಕಣ್ರೀ.” ಹೋದಲ್ಲೆಲ್ಲ ಹೆಂಡತಿಯ ಕೈರುಚಿಯನ್ನು ಹೊಗಳಿದ. ಆ ಮಾತನ್ನು ಮನೆಯಲ್ಲಿ ಅವಳ ಮುಂದೆ ಯಾವತ್ತಾದರೂ ಹೇಳಿದ್ದನೋ ಇಲ್ಲವೋ, ನನಗೆ ತಿಳಿಯದು.

ಕೊನೆಗೆ ಒಂದು ಅಂಗಡಿಯವನು ಪುಡಿ ಇನ್ನಷ್ಟು ನುಣ್ಣಗಾಗುವಂತೆ, ನೀರು ಕಡಿಮೆ ಬೀಳುವಂತೆ ಯಂತ್ರವನ್ನು ಹೊಂದಿಸಿ ಒಂದು ಲೋಟ ಕೊಟ್ಟ. ವರ್ತಕನಿಗೆ ಇದೇ ಎನಿಸಿತು. ಆದರೂ ದುಡುಕಲಿಲ್ಲ. ದಿನಾ ಮಾಡುವವಳು ಅವಳು, ಅವಳೇ ಕುಡಿದು ಹೇಳಲಿ ಎಂದು ಮಾರನೆಯ ದಿನ ಹೆಂಡತಿಯನ್ನು ಕರೆದುಕೊಂಡು ಹೋದ.

ಅಂಗಡಿಯವನು ಇಬ್ಬರಿಗೂ ಒಂದೊಂದು ಲೋಟ ಕೊಟ್ಟ. ಅವಳು ಒಂದು ಗುಟುಕು ಕುಡಿದಳು. ಲೋಟದೊಳಗೆ ನೋಡಿದಳು. ಇನ್ನೊಂದು ಗುಟುಕು ಕುಡಿದಳು.

“ಹೇಗಿದೆ? ನಮ್ಮನೆ ಕಾಫಿ ಥರಾನೇ ಇದೆ ಅಲ್ವಾ?” ಎಂದ ವರ್ತಕ.

“ನಂಗೆ ಗೊತ್ತಾಗಲ್ಲ ರೀ.”

ವರ್ತಕ ನಕ್ಕ. “ಇಷ್ಟು ವರ್ಷ ಮಾಡಿದವಳು ನೀನು. ನಿಂಗೆ ಗೊತ್ತಾಗದೆ ಇನ್ಯಾರಿಗೆ ಗೊತ್ತಾಗುತ್ತೆ?”

“ಮಾಡಿದೀನಿ. ಕುಡಿದಿಲ್ಲ. ನಾನು ಕುಡಿಯೋದು ಎರಡನೇದು,” ಎಂದಳು. ದನಿಯಲ್ಲಿ ಕೋಪವಿರಲಿಲ್ಲ. “ನಮ್ಮನೆ ಕಾಫಿ ಘಮ ಗೊತ್ತು. ರುಚಿ ಗೊತ್ತಿಲ್ಲ.”

ಅಂಗಡಿಯವನು ಬಟ್ಟೆ ತೆಗೆದುಕೊಂಡು, ಆಗಲೇ ಒರೆಸಿದ್ದ ಯಂತ್ರವನ್ನು ಮತ್ತೆ ಒರೆಸತೊಡಗಿದ. ವರ್ತಕನ ಮುಖ ಸಪ್ಪಗಾಯಿತು. ಅವನಿಗೆ ನಿಜವಾಗಿಯೂ ನಾಚಿಕೆಯಾಗಿತ್ತು. ಕೈಯಲ್ಲಿ ದುಡ್ಡಿರುವವನು ನಾಚಿಕೆಯಾದಾಗ ಏನಾದರೊಂದನ್ನು ಕೊಂಡುಬಿಡುತ್ತಾನೆ. ಬೆಲೆಯನ್ನೂ ಕೇಳದೆ ಯಂತ್ರವನ್ನು ಕಟ್ಟಿಕೊಡಲು ಹೇಳಿದ.

ಮನೆಗೆ ಹೋಗುವ ದಾರಿಯಲ್ಲಿ ಅವಳು ಒಂದು ಮಾತಿಗಾಗಿ ಕಾದಳು. ದೊಡ್ಡ ಮಾತೇನಲ್ಲ. ಯಾಕೆ ಹಾಗೆ ಮಾಡಿದೆ ಎಂದು ಬೈದಿದ್ದರೂ ಸಾಕಿತ್ತು. ಆಗ ಅವಳಿಗೆ ಹೇಳುವುದು ಬೇಕಾದಷ್ಟಿತ್ತು. ವರ್ತಕ, ಯಂತ್ರವನ್ನು ಅಡುಗೆಮನೆಯಲ್ಲಿ ಎಲ್ಲಿಡುವುದು, ಅದಕ್ಕೆ ಯಾವ ನೀರು ಹಾಕುವುದು ಎಂದು ಮಾತಾಡುತ್ತ ಬಂದ. ಮನೆ ಬಂತು.

ಮಾರನೆಯ ಬೆಳಿಗ್ಗೆ ಅವನೇ ಮೊದಲು ಎದ್ದು, ಗುಂಡಿ ಒತ್ತಿ, ಮೊದಲ ಲೋಟವನ್ನು ಅವಳ ಕೈಗಿಟ್ಟ. ಅವಳು ಕುಡಿದಳು. ಕೆಲವು ದಿನ ಕುಡಿದಳು. ಆಮೇಲೆ ಎದೆಯುರಿ ಶುರುವಾಯಿತು, ನಿದ್ದೆ ಹಾರಿಹೋಯಿತು. ಅಷ್ಟು ವರ್ಷ ತೆಳ್ಳನೆಯದಕ್ಕೇ ಒಗ್ಗಿದ ಹೊಟ್ಟೆ, ಗಟ್ಟಿಯದನ್ನು ಒಲ್ಲೆ ಎಂದಿತು. ತನ್ನ ಕಾಫಿಯನ್ನು ಅರ್ಧ ಚೆಲ್ಲಿ, ಉಳಿದರ್ಧಕ್ಕೆ ಬಿಸಿನೀರು ಬೆರೆಸಿಕೊಂಡು ಕುಡಿಯತೊಡಗಿದಳು. ಅವಳಿಗೆ ಎಷ್ಟು ನೋವಾಗಿರಬೇಕು ಎಂದು ಯೋಚಿಸಿದರೆ ನನಗೆ ಈಗಲೂ ಸಂಕಟವಾಗುತ್ತದೆ. ಕೊಡುವ ಕೈ ಬಂದಾಗ ತೆಗೆದುಕೊಳ್ಳುವ ಶಕ್ತಿ ಉಳಿದಿರಲಿಲ್ಲ.

ಒಂದು ದಿನ ಬೀಗರು ಬಂದರು. ವರ್ತಕ ಎಲ್ಲರಿಗೂ ಯಂತ್ರದ ಕಾಫಿ ಮಾಡಿಕೊಟ್ಟ. ಕಾಫಿ ಚೆನ್ನಾಗಿದೆ ಎಂದು ಅವರು ಹೊಗಳಿದರು. ಅವನು ನಗುತ್ತ ಹೇಳಿದ: “ಇವಳಿಗೋಸ್ಕರ ಅಂತಾನೇ ಇಷ್ಟು ದೊಡ್ಡ ಮಿಷನ್ ತಂದೆ. ಏನ್ಮಾಡ್ತೀರಿ, ಇವಳಿಗೆ ಮೊದಲಿಂದಲೂ ನೀರು ಕಾಫೀನೇ ಇಷ್ಟ.” ಬೀಗರು ನಕ್ಕರು. ಅವಳು ಅಲ್ಲೇ ಲೋಟಗಳನ್ನು ತಟ್ಟೆಗೆ ಎತ್ತಿಡುತ್ತಿದ್ದಳು. ಅವಳು ಬಿಟ್ಟುಕೊಟ್ಟದ್ದೆಲ್ಲ ಅವಳ ಇಷ್ಟವೆಂದೇ ಆಗಿಹೋಯಿತು. ಲೋಟ ತೊಳೆಯಲು ಒಳಗೆ ಹೋದಳು.

ಕತೆ ಇಷ್ಟೇ ಎಂದರು ಗುರುಗಳು.

ಪಂಚಾಕ್ಷರಪ್ಪ ಮೆಲ್ಲಗೆ, “ಆದರೂ ಬುದ್ಧಿ, ಅವನೇನು ಬೇಕು ಅಂತ ಮಾಡಿದ್ದಲ್ಲವಲ್ಲ. ಪಾಪ, ಅಷ್ಟು ವರ್ಷ ಅವನಿಗೆ ಗೊತ್ತೇ ಇರಲಿಲ್ಲ,” ಎಂದ.

“ಹೌದು. ಗೊತ್ತಿಲ್ಲದೆ ಇರುವ ಸುಖವೂ ಆ ಮನೆಯಲ್ಲಿ ಅವನ ಪಾಲಿಗೇ ಬಂದಿತ್ತು,” ಎಂದರು ಗುರುಗಳು.