ಹತ್ತು ನಿಮಿಷದ ಬ್ಯಾಟರಿ

ದಾಕ್ಷಾಯಿಣಿಯವರ ಮನೆಯ ಫೋಟೊ, ಹಾಡುಗಳನ್ನೆಲ್ಲ ಹೊತ್ತಿದ್ದ ಹಾರ್ಡ್ ಡಿಸ್ಕ್, ಪಕ್ಕದ ಯುಪಿಎಸ್ ಬ್ಯಾಟರಿಗೆ ಹೇಳಿತು: "ನಾನು ದುಡಿಯುತ್ತೇನೆ. ನೀನು ದಿನವಿಡೀ ಕರೆಂಟು ತಿಂದು ಸುಮ್ಮನೆ ಕೂರುತ್ತೀಯ."

ಬ್ಯಾಟರಿ ತನ್ನ ಪಾಡಿಗೆ ಕರೆಂಟು ತುಂಬಿಕೊಳ್ಳುತ್ತಿತ್ತು.

ಮಧ್ಯಾಹ್ನ ಡಿಸ್ಕ್, ದಾಕ್ಷಾಯಿಣಿಯವರ ತೀರಿಹೋದ ಅಜ್ಜಿಯ ಸೋಬಾನೆ ಹಾಡುಗಳನ್ನು ತನ್ನೊಳಗೆ ಜೋಡಿಸುತ್ತಿದ್ದಾಗ ಕರೆಂಟು ಹೋಯಿತು. ಫ್ಯಾನು ನಿಂತಿತು. ಡಿಸ್ಕ್ ಮಾತ್ರ ತಿರುಗುತ್ತಲೇ ಇತ್ತು.

"ನನ್ನಲ್ಲಿರುವುದು ಹತ್ತೇ ನಿಮಿಷ," ಎಂದಿತು ಬ್ಯಾಟರಿ. "ಹೊಸ ಕೆಲಸ ಹಿಡಿಯಬೇಡ. ಕೈಯಲ್ಲಿರುವ ಹಾಡು ಮುಗಿಸಿ ಮಲಗು."

ಡಿಸ್ಕ್ ಹಾಗೇ ಮಾಡಿತು.

ಸಂಜೆ ಕರೆಂಟು ಬಂತು. ಅಜ್ಜಿಯ ದನಿ ಎಲ್ಲೂ ಮುಕ್ಕಾಗದೆ ಮನೆತುಂಬ ಕೇಳಿತು. ದಾಕ್ಷಾಯಿಣಿ ಕಣ್ಣೊರೆಸಿಕೊಂಡು ಡಿಸ್ಕನ್ನು ಸವರಿದರು.

ಡಿಸ್ಕ್ ನಾಚಿ, ಬರಿದಾಗಿದ್ದ ಬ್ಯಾಟರಿಯ ಕಡೆ ತಿರುಗಿತು: "ಮೊದಲು ನೀನು ಹೊಟ್ಟೆತುಂಬ ಉಣ್ಣು. ಆಮೇಲೆಯೇ ನಾನು ಕೆಲಸ ಹಿಡಿಯುವುದು."